ಕಡಲು ಕಂಡವರು ಕಾವಲು ನೋಡಿದ್ದು

ಇಲಾಖೆಗೆ ಹೊಸದಾಗಿ ಸೇರಿದವರು ಚಳ್ಳಕೆರೆಗೆ ಬಂದರೆ ಯಾರಾದರೊಬ್ಬರು ಅವರಿಗೆ ನನ್ನ ಮನೆ ತೋರಿಸಿಬಿಡುತ್ತಾರೆ. ಬಂದವರು ಚಹಾ ಕುಡಿಯುತ್ತ ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು. ಮರಗಳೇ ಇಲ್ಲದ ಈ ಸೀಮೆಯಲ್ಲಿ ಫಾರೆಸ್ಟ್ ಗಾರ್ಡ್ ಆಗಿ ನೀವು ಕಾದದ್ದಾದರೂ ಏನನ್ನು? ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದು ನನಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಹೇಗೆ ಎಂಬುದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಯಾರು ಹಾರ ಹಾಕಿದರು ಎಂಬುದೆಲ್ಲ ನನ್ನ ಹೆಂಡತಿಗೇ ಮರೆತುಹೋಗಿದೆ. ನಿಮಗಂತೂ ಅದು ಬೇಡ.

ನನ್ನ ಹೆಸರು ಪಾಲಯ್ಯ, ಊರು ದೊಡ್ಡಉಳ್ಳಾರ್ತಿ. ನಮ್ಮ ಹಿತ್ತಿಲು ದಾಟಿ ಎರಡು ಶೇಂಗಾ ಹೊಲ ಕಳೆದರೆ ಕಾವಲು ಶುರುವಾಗುತ್ತಿತ್ತು. ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲುಗಾವಲು ಅದು. ಕಣ್ಣು ಹಾಯುವಷ್ಟು ದೂರ ಹುಲ್ಲು, ಅಲ್ಲಲ್ಲಿ ಒಂದು ಜಾಲಿ, ಒಂದು ಕಾರೆ ಗಿಡ, ಹಳದಿ ಹೂವಿನ ತಂಗಡಿ. ಅವ್ವ ಅಲ್ಲಿಗೆ ಸಗಣಿ ಆರಿಸಲು ಹೋಗುತ್ತಿದ್ದಳು. ನಾವು ಬೋರೆಹಣ್ಣಿಗೆ ಹೋಗುತ್ತಿದ್ದೆವು. ದಿನಗೂಲಿ ವಾಚರ್ ಆಗಿ ಸೇರಿ ಮುಂದೆ ಗಾರ್ಡ್ ಆದ ಮೇಲೂ ಕೆಲವು ವರ್ಷ ಆ ಜಾಗ ನನ್ನ ಕಣ್ಣಿಗೆ ಊರಾಚೆಯ ಬಯಲಾಗಿಯೇ ಇತ್ತು.

ನನ್ನ ಮೊದಲ ವಲಯಾಧಿಕಾರಿಗಳಿಗೂ ಅದು ಹಾಗೇ ಕಂಡಿತ್ತು. ದಟ್ಟ ಕಾಡಿನ ಕಡೆಯಿಂದ ಬಂದವರು ಅವರು. ಕಾವಲಿನ ಪಕ್ಕದ ನಮ್ಮ ಇಲಾಖೆಯ ಹುಲ್ಲು ಜಮೀನು ನೋಡಿ ಮರುಗಿದರು. ಬೀಳು ಬಿದ್ದಿದೆ, ಹಸಿರು ಮಾಡೋಣ ಎಂದರು. ಗುಂಡಿ ತೋಡಿ ನೀಲಗಿರಿ ನೆಟ್ಟೆವು. ಟ್ಯಾಂಕರಿನಲ್ಲಿ ನೀರು ತಂದು ಕೊಡಪಾನದಲ್ಲಿ ಹೊತ್ತು ಹಾಕಿದೆವು. ಆಷಾಢದ ಗಾಳಿಗೆ ಅರ್ಧ ಸಸಿಗಳು ಮಲಗಿದವು, ಉಳಿದವು ಬೇಸಿಗೆಗೆ ಸೌದೆಯಾದವು. ಜಿಂಕೆಗಳು ಬಂದು ಆ ಗುಂಡಿಗಳ ಮಣ್ಣಿನ ಮೇಲೆ ಮಲಗಿ ಮೆಲುಕು ಹಾಕುತ್ತಿದ್ದವು. ಅವರನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ತುಂಬ ಒಳ್ಳೆಯ ಮನುಷ್ಯ, ಬಿಸಿಲಲ್ಲಿ ನಮ್ಮ ಜೊತೆ ನಿಂತು ಸಸಿಗೆ ಕೋಲು ಕಟ್ಟುತ್ತಿದ್ದರು. ಹುಲ್ಲೂ ಒಂದು ಕಾಡು ಎಂದು ನಮಗೆ ಯಾರೂ ಹೇಳಿರಲಿಲ್ಲ.

ಹೇಳಿದವರು ದಾಮೋದರ ಸಾಹೇಬರು. ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಶಾಖೆಗೆ ಫಾರೆಸ್ಟರ್ ಆಗಿ ಬಂದರು. ಕುಮಟಾ ಕಡೆಯವರು. ಅಲ್ಲಿಯವರೆಗಿನ ಸರ್ವಿಸೆಲ್ಲ ಕಡಲ ದಂಡೆಯಲ್ಲೇ ಕಳೆದಿತ್ತು, ಆಮೆಯ ಮೊಟ್ಟೆ ಕಾಯುತ್ತ, ನದಿ ಕಡಲು ಸೇರುವ ಅಳಿವೆಯ ಹಕ್ಕಿಗಳನ್ನು ನೋಡುತ್ತ. ಮರಳಿನ ಲಾರಿಯೊಂದನ್ನು ಹಿಡಿದದ್ದಕ್ಕೆ ಇಷ್ಟು ದೂರ ವರ್ಗವಾಯಿತೆಂದು ಕಚೇರಿಯಲ್ಲಿ ಮಾತಿತ್ತು. ಅವರಾಗಿ ಒಮ್ಮೆಯೂ ಅದನ್ನು ಎತ್ತಲಿಲ್ಲ. ಹೆಂಡತಿ ಮಕ್ಕಳು ಊರಲ್ಲೇ ಉಳಿದಿದ್ದರು, ಬಂದ ದಿನದಿಂದಲೇ ಅಲ್ಲಿಗೆ ವಾಪಸು ವರ್ಗ ಕೇಳುತ್ತಿದ್ದರು. ಇವರು ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಹಿಂದೆ ಕೋಣೆ ಹಿಡಿದರು. ಊರಿಂದ ಒಣಸಿಗಡಿ ತರಿಸಿ ಹುರಿದಾಗ ವಾಸನೆಗೆ ವಠಾರದವರು ತಕರಾರು ತೆಗೆದರು. ಆಮೇಲೆ ನಮ್ಮ ಜೀಪಿನ ಡ್ರೈವರ್ ದಸ್ತಗೀರ್ ಸಾಬರ ಮನೆಯಲ್ಲಿ ಅದರ ಸಾರು ಆಗುತ್ತಿತ್ತು. ಭಾನುವಾರ ಮೂವರೂ ಅಲ್ಲೇ ಉಣ್ಣುತ್ತಿದ್ದೆವು.

ಬಂದ ವಾರದಲ್ಲೇ ನನ್ನ ಟಿವಿಎಸ್ ಹಿಂದೆ ಕೂತು ಕಾವಲಿಗೆ ಬಂದರು. ಬೇಸಿಗೆಯ ಕೊನೆ, ಹುಲ್ಲೆಲ್ಲ ಒಣಗಿ ಬೆಳ್ಳಗಾಗಿತ್ತು. ಒಂದು ದಿಬ್ಬದ ಮೇಲೆ ಗಾಡಿ ನಿಲ್ಲಿಸಿದೆ. ಗಾಳಿ ಬೀಸಿದಾಗ ಆ ತುದಿಯಿಂದ ಈ ತುದಿಗೆ ಹುಲ್ಲು ಬಾಗಿ ಏಳುತ್ತಿತ್ತು. ಸಾಹೇಬರು ಇಳಿದು ಅದನ್ನೇ ನೋಡುತ್ತ ನಿಂತರು.

“ಎಂತ ಕಾಣ್ತದೆ ಪಾಲಯ್ಯ?” ಎಂದರು.

“ಏನಿಲ್ಲ ಸಾರ್, ಬರೇ ಬಯಲು.”

ಅವರು ನಕ್ಕರು. ತಮ್ಮ ಕಡೆಗೆ ಬರುವ ಪ್ರವಾಸಿಗಳೂ ಹಾಗೇ ಹೇಳುತ್ತಾರೆ, ಬರೇ ನೀರು ಅಂತ, ಎಂದರು. ಕೂತುಕೋ ಎಂದರು. ಕೂತೆವು. ಸ್ವಲ್ಪ ಹೊತ್ತಿಗೆ ಒಂದು ಕಪ್ಪು ಗಂಡು ಜಿಂಕೆ ಹುಲ್ಲೊಳಗಿಂದ ಎದ್ದು ನಿಂತಿತು. ಅಷ್ಟು ಹೊತ್ತೂ ಅದು ನಮ್ಮೆದುರೇ ಮಲಗಿತ್ತು. ನೆಲದ ಬಣ್ಣದ ಗುಬ್ಬಿಯೊಂದು ನೆಟ್ಟಗೆ ಮೇಲೇರಿ ಹಾಡುತ್ತ ಇಳಿಯಿತು. ಬಿಲದ ಬಾಯಲ್ಲಿ ನರಿಯ ಕಿವಿ ಕಂಡಿತು. ಹುಟ್ಟಿದಾಗಿಂದ ಓಡಾಡಿದ ಜಾಗದಲ್ಲಿ ನಾನು ಆವತ್ತೇ ಮೊದಲ ಸಲ ಸುಮ್ಮನೆ ಕೂತದ್ದು.

ಅವರ ಕೆಲಸದ ರೀತಿಯೇ ಅದಾಗಿತ್ತು. ಒಂದೇ ಜಾಗಕ್ಕೆ ಹೋಗಬೇಕು, ಪ್ರತಿ ಕಾಲದಲ್ಲೂ ಹೋಗಬೇಕು, ಕೂರಬೇಕು. ಹೆಸರು ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಇಬ್ಬರಿಗೂ ಸೇರಿ ಒಂದೇ ದುರ್ಬೀನು ಇತ್ತು, ಅದರ ಒಂದು ಗಾಜಿನಲ್ಲಿ ಬೂಷ್ಟು ಹಿಡಿದಿತ್ತು. ಈಗ ನಿಮ್ಮ ಕೈಯಲ್ಲಿ ಕ್ಯಾಮೆರಾ, ಜಿಪಿಎಸ್ ಎಲ್ಲ ಇದೆ, ಒಳ್ಳೆಯದೇ. ನಾವು ಜಿಂಕೆ ಎಣಿಸಲು ಸಾಲಾಗಿ ನಡೆಯುತ್ತಿದ್ದೆವು, ಅವು ನಮ್ಮ ಸಾಲನ್ನು ಸುತ್ತಿ ಹಿಂದಿನಿಂದ ಬಂದು ಮತ್ತೆ ಎಣಿಕೆಗೆ ಸಿಗುತ್ತಿದ್ದವು. ಅಂಥ ಕೆಲಸದಲ್ಲಿ ನಿಮ್ಮ ಯಂತ್ರಗಳೇ ವಾಸಿ. ಆದರೆ ಕೂರುವ ಕೆಲಸ ನೀವೇ ಮಾಡಬೇಕು.

ದಿಬ್ಬದ ಮೇಲೆ ಕೂತಾಗ ಅವರು ಕಡಲಿನ ಮಾತು ತೆಗೆಯುತ್ತಿದ್ದರು. ಮಳೆಗಾಲ ಮುಗಿದು ರಾಡಿ ನೀರು ತಿಳಿಯಾಗುವುದು, ಚಳಿ ಶುರುವಾದಂತೆ ದೂರದೇಶದ ಬಿಳಿ ಹಕ್ಕಿಗಳು ಅಳಿವೆಯ ಮರಳದಿಣ್ಣೆಯ ಮೇಲೆ ಬಂದಿಳಿಯುವುದು, ಆಮೆಗಳು ದಡ ಹತ್ತಿ ಮೊಟ್ಟೆಯಿಟ್ಟು ಹೋಗುವುದು, ಬೇಸಿಗೆಯಲ್ಲಿ ಏಡಿಗಳು ಮರಳಿನ ಮೇಲೆ ಉಂಡೆ ಕಟ್ಟಿ ರಂಗೋಲಿ ಹಾಕುವುದು. ಹೇಳುತ್ತ ಹೇಳುತ್ತ ದನಿ ಇಳಿದುಹೋಗುತ್ತಿತ್ತು. ಆಗ ನಾನು ದುರ್ಬೀನು ಹಿಡಿದು ಬೇರೆ ಕಡೆ ನೋಡುತ್ತಿದ್ದೆ. ಕಡಲನ್ನೇ ನೋಡದ ನನಗೆ ಅವರ ಬಾಯಿಂದಲೇ ಅದರ ಒಂದು ವರ್ಷ ಪೂರ್ತಿ ಗೊತ್ತಾಯಿತು. ಬದಲಿಗೆ ನಾನು ಅವರಿಗೆ ನಮ್ಮ ಮಳೆಗಳ ಹೆಸರು ಕಲಿಸಿದೆ. ರೋಹಿಣಿ, ಮೃಗಶಿರ, ಆರಿದ್ರ. ರೋಹಿಣಿ ಬಿದ್ದರೆ ನೆಲ ಹಸಿರಾಡುತ್ತದೆ, ನೆಲಗುಬ್ಬಿಗಳು ಹಾಡಲು ಹತ್ತುತ್ತವೆ. ಚಿತ್ತೆ, ಸ್ವಾತಿಯ ಹೊತ್ತಿಗೆ ಉತ್ತರದ ದೇಶಗಳಿಂದ ಗಿಡುಗಗಳು ಬಂದು, ಸಂಜೆ ಹುಲ್ಲಿನ ತಲೆ ಸವರುವಷ್ಟು ಕೆಳಗೆ ಹಾರಿ, ಒಂದೊಂದಾಗಿ ಹುಲ್ಲೊಳಗೇ ಇಳಿದು ಮಲಗುತ್ತವೆ. ಸಂಕ್ರಾಂತಿ ಕಳೆದರೆ ತೋಳದ ಮರಿಗಳು ಬಿಲದಿಂದ ಹೊರಗೆ ಬರುತ್ತವೆ. ಇದೆಲ್ಲ ಮೊದಲೂ ಆಗುತ್ತಿತ್ತು. ಅವರ ಜೊತೆ ಕೂತ ಮೇಲೆ ನನಗೆ ಕಂಡಿತು.

ಆ ವರ್ಷದ ಮೊದಲ ಮಳೆಯ ಮಾರನೆಯ ಬೆಳಿಗ್ಗೆ ಒಂದು ಸದ್ದು ಕೇಳಿತು. ದೊಡ್ಡ ಗುಡಾಣದೊಳಗೆ ಯಾರೋ ಹೂಂಗುಟ್ಟಿದ ಹಾಗೆ. ದೂರದಲ್ಲಿ ಆಳೆದೆಯೆತ್ತರದ ಹಕ್ಕಿ, ಬಿಳಿಯ ಕುತ್ತಿಗೆಯನ್ನು ನೀರು ತುಂಬಿದ ಚೀಲದಂತೆ ಉಬ್ಬಿಸಿಕೊಂಡು, ಬಾಲ ಬೆನ್ನಿಗೆ ಮಡಚಿ, ನಿಧಾನಕ್ಕೆ ಹೆಜ್ಜೆ ಹಾಕುತ್ತಿತ್ತು. ನಮ್ಮಲ್ಲಿ ತೆಲುಗಿನ ಹೆಸರೇ ರೂಢಿ, ಬಟ್ಟಮೇಕ. ನಾನು ಚಿಕ್ಕಂದಿನಲ್ಲಿ ನೋಡಿದ್ದೆ, ಅಜ್ಜನ ಕಾಲದಲ್ಲಿ ಹಿಂಡುಹಿಂಡು ಇದ್ದವೆಂದು ಕೇಳಿದ್ದೆ. ಅಷ್ಟರಲ್ಲಾಗಲೇ ಅವು ಬೆರಳೆಣಿಕೆಗೆ ಬಂದಿದ್ದವು. ಸಾಹೇಬರು ನನ್ನ ಭುಜ ಹಿಡಿದುಕೊಂಡರು. ಹಕ್ಕಿ ಹುಲ್ಲಿನಾಚೆ ಮರೆಯಾಗುವ ತನಕ ಕೈ ತೆಗೆಯಲಿಲ್ಲ. ಊರಿನ ಕಡೆಗೆ ವರ್ಗ ಕೇಳುವುದನ್ನು ಅವರು ನಿಲ್ಲಿಸಲಿಲ್ಲ. ಆದರೆ ಆವತ್ತಿನಿಂದ ಅದರ ಮಾತು ಕಡಿಮೆಯಾಯಿತು.

ಬಟ್ಟಮೇಕದ ಸುದ್ದಿ ಮೇಲಿನವರಿಗೂ ಮುಟ್ಟಿ, ಹಿರಿಯ ಅಧಿಕಾರಿಯೊಬ್ಬರು ನೋಡಲು ಬಂದರು. ಹೊರರಾಜ್ಯದವರು, ಕನ್ನಡ ಆಗಷ್ಟೇ ಕಲಿಯುತ್ತಿದ್ದರು. ಬೆಳಗಿನಿಂದ ಅಲೆದರೂ ಹಕ್ಕಿ ಕಾಣಲಿಲ್ಲ. ಕಾವಲಿನ ಅಂಚಿನಲ್ಲಿ, ಮೊಳಕಾಲ್ಮೂರು ಕಡೆಗಿದ್ದ ಒಂದು ಹಟ್ಟಿಯ ಹತ್ತಿರ ಜೀಪು ನಿಲ್ಲಿಸಿ, ಅಲ್ಲಿದ್ದ ಹೆಂಗಸೊಬ್ಬಳನ್ನು ಅವರೇ ಕೇಳಿದರು, “ಮೇಕ, ಮೇಕ ಎಲ್ಲಿ?” ಖಾಕಿ ಬಟ್ಟೆಯವರು ಜೀಪಿನಲ್ಲಿ ಬಂದು ಮೇಕೆ ಎಲ್ಲಿ ಎಂದು ಕೇಳಿದರೆ ದಂಡಕ್ಕೆ ಹೆದರಿ ಆಡು ಮೇಯಿಸುವವರಿಗೆ ಹೇಗಾಗಬೇಡ. ನಮ್ಮ ಹಟ್ಟಿಯಲ್ಲಿ ಮೇಕೆಯೇ ಇಲ್ಲ ಎಂದಳು ಆಕೆ. ಗುಡಿಸಿಲ ಹಿಂದೆ ಒಂದು ಆಡು ಅರಚಿತು. ಅದು ನೆಂಟರದು ಎಂದಳು. ಇನ್ನೊಂದು ಅರಚಿತು. ಅಷ್ಟರಲ್ಲಿ ಹಟ್ಟಿಯವರು ಉಳಿದ ಆಡುಗಳನ್ನೆಲ್ಲ ಹಳ್ಳದೊಳಗೆ ಇಳಿಸಿ ಅವುಗಳ ಬಾಯಿ ಹಿಡಿದುಕೊಂಡು ಕೂತಿದ್ದರು. ದಸ್ತಗೀರ್ ಸಾಬರು ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಗು ತಡೆಯುತ್ತಿದ್ದರು. ಅಧಿಕಾರಿಗಳು ಹಕ್ಕಿ ನೋಡದೆಯೇ ಹೋದರು.

ಆ ಹೆಂಗಸೇ ಓಬಕ್ಕ. ವಿಷಯ ತಿಳಿದ ಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. ನನಗಿಂತ ಹಿರಿಯಳು, ಗಂಡ ಇಲ್ಲ, ಒಂದು ಮಂದೆ ಆಡು ಇಟ್ಟುಕೊಂಡು ಬದುಕುತ್ತಿದ್ದಳು. ಅಂದಿನಿಂದ ದಿಬ್ಬದ ಹತ್ತಿರ ಹಾಯುವಾಗ ನಿಂತು ಮಾತಾಡಿಸುವಳು. ಮೇಕೆ ಹುಡುಕೋಕೆ ಬಂದಿರಾ ಎಂದು ಸಾಹೇಬರನ್ನು ರೇಗಿಸುವಳು. ಅವರು ಅವಳ ತೆಲುಗು ಬೆರೆತ ಮಾತು ಅರ್ಥವಾಗದೆ ನನ್ನ ಮುಖ ನೋಡುವರು.

ಹೀಗೇ ಕೆಲವು ಮಳೆಗಾಲ ಕಳೆದವು. ಗಂಡುಹಕ್ಕಿ ಬರುತ್ತಿತ್ತು, ಕೂಗುತ್ತಿತ್ತು. ಹೆಣ್ಣು ಕಾಣುತ್ತಿತ್ತು, ಗೂಡು ಮಾತ್ರ ಸಿಕ್ಕಿರಲಿಲ್ಲ. ಒಂದು ವರ್ಷ ಪುಷ್ಯ ಮಳೆಯ ದಿನಗಳಲ್ಲಿ ಓಬಕ್ಕ ಆಡುಗಳನ್ನು ಬಿಟ್ಟು ಒಬ್ಬಳೇ ಬಿರಬಿರನೆ ನಡೆದು ದಿಬ್ಬಕ್ಕೆ ಬಂದಳು. ಬಟ್ಟಮೇಕದ ಮೊಟ್ಟೆ ನೋಡಿದೆ ಎಂದಳು. ಗೂಡಿಲ್ಲ, ಗೀಡಿಲ್ಲ, ಬರೀ ನೆಲದ ಮೇಲೆ ಒಂದೇ ಮೊಟ್ಟೆ.

ದೂರದಿಂದಲೇ ನೋಡಿ ಬಂದೆವು. ಸುದ್ದಿ ವಲಯಾಧಿಕಾರಿಗಳಿಗೆ ಹೇಳಲೇಬೇಕಾಗಿತ್ತು. ಆಗ ಬೇರೊಬ್ಬರು ಬಂದಿದ್ದರು, ಚುರುಕಿನ ಯುವಕರು. ಕೂಡಲೇ ಸುತ್ತ ಮುಳ್ಳುತಂತಿ ಹಾಕಿಸೋಣ, ಟೆಂಟ್ ಹೊಡೆದು ಕಾವಲು ಕೂರಿಸೋಣ ಎಂದರು. ದಾಮೋದರ ಸಾಹೇಬರು ಎದ್ದು ನಿಂತು ಬೇಡ ಎಂದರು. ಮೇಲಿನವರ ಮಾತಿಗೆ ಅವರು ಎದುರಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಡಲ ದಂಡೆಯಲ್ಲಿ ಆಮೆಯ ಮೊಟ್ಟೆಗಳನ್ನೆಲ್ಲ ತಂದು ಬಿದಿರು ಬೇಲಿಯೊಳಗೆ ಹೂತಿದ್ದ ಒಂದು ವರ್ಷದ ಕಥೆ ಹೇಳಿದರು. ದಂಡೆಯುದ್ದಕ್ಕೂ ಹರಡಿದ್ದ ಮೊಟ್ಟೆಗಳು ಒಂದು ಕಡೆ ಬಂದವು, ಒಂದೇ ದಿನದ ಉಬ್ಬರಕ್ಕೆ ಬೇಲಿ ಸಮೇತ ಹೋದವು. ತಂತಿ ಹಾಕಿದರೆ ಇಲ್ಲೇನೋ ಇದೆ ಎಂದು ಊರಿಗೆಲ್ಲ ತಿಳಿಯುತ್ತದೆ, ಹಕ್ಕಿಯೂ ಬಿಟ್ಟುಹೋಗುತ್ತದೆ ಎಂದರು. ವಲಯಾಧಿಕಾರಿ ಯೋಚಿಸಿದರು. ಸರಿ, ಆದರೆ ಮೊಟ್ಟೆ ಹಾಳಾದರೆ ಹೊಣೆ ನಿಮ್ಮದು ಎಂದರು. ಸಾಹೇಬರು ಒಪ್ಪಿಕೊಂಡರು. ಊರಿನ ಕಡೆಯ ವರ್ಗಕ್ಕೆ ಶಿಫಾರಸು ಮಾಡಬೇಕಾದವರೂ ಅದೇ ವಲಯಾಧಿಕಾರಿ.

ಮಾರನೆಯ ದಿನ ಓಬಕ್ಕನ ಹಟ್ಟಿಗೆ ಹೋದೆವು. ಆ ವರ್ಷ ಅಲ್ಲಿಯವರೆಗೆ ಮಳೆ ಸಾಲದಾಗಿತ್ತು. ಮೊಟ್ಟೆಯಿದ್ದ ತಗ್ಗಿನಲ್ಲೇ ಒಳ್ಳೆಯ ಹುಲ್ಲು ಇದ್ದದ್ದು, ಅವಳ ಆಡುಗಳು ಮೇಯುವುದೂ ಅಲ್ಲೇ. ಅದನ್ನು ಬಿಟ್ಟರೆ ಕಲ್ಲುಗುಡ್ಡದ ಬುಡದ ತನಕ ಹೊಡೆದುಕೊಂಡು ಹೋಗಬೇಕು. ಸಾಹೇಬರು ನೆಲದ ಮೇಲೆ ಕೂತು ಮಾತಾಡಿದರು.

“ನಿಮಗೆ ಹೋಗಬೇಡಿ ಅಂತ ಹೇಳೋಕೆ ಬರಲಿಲ್ಲ ನಾನು. ಕೇಳೋಕೆ ಬಂದೆ.”

ಓಬಕ್ಕ ನನ್ನ ಕಡೆ ತಿರುಗಿದಳು. “ನೋಡು ನಾಯನಾ, ಅವತ್ತು ನನ್ ಹೋತ ಮುಂದಾಗಿ ಅತ್ತಕಡೆ ಹೋತು. ಆ ಹಕ್ಕಿ ಹಾರ್ಲಿಲ್ಲ. ಎದ್ದು ರೆಕ್ಕೆ ಬಿಚ್ಚಿ ಎದ್ರುಗೇ ನಿಂತ್ಕಂತು. ಅಷ್ಟು ದೊಡ್ಡ ಹೋತ ಹಿಂದಕ್ಕೆ ಸರೀತು. ಅದ್ರ ಕೂಡೆ ನಾನೇನು ಜಗಳ ಆಡ್ಲಿ? ಗುಡ್ಡದ್ ಕಡೀಕೆ ಹೊಡ್ಕಂಡ್ ಹೋಗ್ತೀನಿ ಬಿಡು.”

ಮೊಟ್ಟೆಯೊಡೆಯಲು ಸುಮಾರು ಒಂದು ತಿಂಗಳು ಬೇಕು. ಆ ತಿಂಗಳು ಇಷ್ಟೇ ನಮ್ಮ ಕೆಲಸ: ದೂರದಲ್ಲಿ ಕೂರುವುದು, ಹುಲ್ಲಿನ ಮೇಲೆ ಒಂದು ಬೂದು ತಲೆ ಕಾಣುತ್ತದೆಯೇ ನೋಡುವುದು. ಕಂಡರೆ ಆ ಹೊತ್ತಿಗೆ ನೆಮ್ಮದಿ. ನಡುವೆ ಒಂದು ದಿನ ಗಡಿಯಾಚೆಯಿಂದ ದೊಡ್ಡ ಕುರಿಮಂದೆ ಬಂತು. ಜೊತೆಗೆ ನಾಯಿಗಳು. ನಾವಿದ್ದದ್ದು ಈ ಬದಿಗೆ, ಮಂದೆ ಬರುತ್ತಿದ್ದದ್ದು ಆ ಬದಿಯಿಂದ ನೇರ ತಗ್ಗಿಗೆ. ಎದ್ದು ಓಡಿದರೆ ಹಕ್ಕಿ ಬೆದರುತ್ತದೆ. ಏನು ಮಾಡಬೇಕೋ ತೋಚದೆ ನಿಂತಿದ್ದಾಗ ಗುಡ್ಡದ ಕಡೆಯಿಂದ ಓಬಕ್ಕ ಸೆರಗು ಬಿಗಿದುಕೊಂಡು ಮಂದೆಗೆ ಅಡ್ಡ ಬಂದಳು. ತೆಲುಗಿನಲ್ಲಿ ಏನೇನು ಹೇಳಿದಳೋ ನಮಗೆ ಕೇಳಲಿಲ್ಲ. ಕುರಿಯವರು ಸ್ವಲ್ಪ ಹೊತ್ತು ವಾದ ಮಾಡಿದರು, ಆಮೇಲೆ ನಾಯಿಗಳನ್ನು ಕರೆದುಕೊಂಡು ಹಳ್ಳದ ದಾರಿ ಹಿಡಿದರು. ಏನೆಂದೆ ಎಂದು ಸಂಜೆ ಕೇಳಿದೆ. ಅಲ್ಲೊಂದು ಬಾಣಂತಿ ಇದೆ ಎಂದೆ, ಅಷ್ಟೇ ಎಂದಳು.

ಮಖೆಯ ಮಳೆ ಜೋರಾಗಿಯೇ ಹೊಡೆಯಿತು. ನಾವು ಕಂಬಳಿ ಹೊದ್ದು ಕೂತಿದ್ದೆವು. ಹಕ್ಕಿ ರೆಕ್ಕೆ ಅಗಲಿಸಿಕೊಂಡು ಕೂತಲ್ಲೇ ಕೂತಿತ್ತು, ನೀರು ಅದರ ಬೆನ್ನ ಮೇಲಿಂದ ಹರಿಯುತ್ತಿತ್ತು. ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಹಕ್ಕಿಯಿಲ್ಲ. ನಾನು ಹೋಗಿ ನೋಡಿಬರುತ್ತೇನೆ ಎಂದೆ. ಸಾಹೇಬರು ಬೇಡ ಎಂದು ತಲೆಯಾಡಿಸಿದರು. ಊಟ ತಂದಿದ್ದೆ, ಇಬ್ಬರೂ ಬಿಚ್ಚಲಿಲ್ಲ. ಓಬಕ್ಕನೂ ಬಂದು ಪಕ್ಕದಲ್ಲಿ ಕೂತಳು. ಬಿಸಿಲು ಇಳಿಯುವ ಹೊತ್ತಿಗೆ, ತಗ್ಗಿನಿಂದ ಬಹಳ ಈಚೆಗೆ, ಹುಲ್ಲು ಗಿಡ್ಡವಿದ್ದ ಕಡೆ ಆ ಉದ್ದ ಕುತ್ತಿಗೆ ಎದ್ದಿತು. ನಾಲ್ಕು ಹೆಜ್ಜೆ ಇಟ್ಟು ನಿಂತಿತು. ಹಿಂದೆ ಮಣ್ಣಿನ ಬಣ್ಣದ ಏನೋ ಒಂದು ತೊಡರುತ್ತ ಬಂದು ಅದರ ಕಾಲ ಹತ್ತಿರ ನಿಂತಿತು.

ಸಾಹೇಬರು ದುರ್ಬೀನನ್ನು ತಾವು ನೋಡುವ ಮೊದಲು ಓಬಕ್ಕನಿಗೆ ಕೊಟ್ಟರು. ಅವಳು ಬೂಷ್ಟಿಲ್ಲದ ಗಾಜಿಗೆ ಒಂದು ಕಣ್ಣಿಟ್ಟು ಬಹಳ ಹೊತ್ತು ನೋಡಿದಳು. ವಾಪಸು ಕೊಟ್ಟು, ಎದ್ದು, ಆಡುಗಳ ಕಡೆ ಹೋದಳು.

ಮರಿ ಬದುಕಿತು. ಕಾರ್ತಿಕದಲ್ಲಿ ತಾಯಿಯಷ್ಟೇ ಎತ್ತರವಾಗಿತ್ತು. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಎರಡೂ ಭಾರವಾಗಿ ರೆಕ್ಕೆ ಬಡಿದು ಮೂಡಣದ ಗಡಿಯ ಕಡೆ ಹಾರಿಹೋದದ್ದನ್ನು ನಾವಿಬ್ಬರೂ ನೋಡಿದೆವು. ಅದಾಗಿ ಸ್ವಲ್ಪ ದಿನಕ್ಕೇ ಸಾಹೇಬರಿಗೆ ವರ್ಗದ ಆದೇಶ ಬಂತು. ಇಷ್ಟು ವರ್ಷ ಕೇಳಿದ್ದ ಜಾಗವೇ, ಕುಮಟಾ ಕಡೆಗೇ. ನಾನು ಅಭಿನಂದನೆ ಹೇಳಿದೆ. ಅವರು ಹ್ಞೂಂ ಎಂದರು. ಹೊರಡುವ ಹಿಂದಿನ ದಿನ ದಿಬ್ಬಕ್ಕೆ ಹೋದೆವು. ಇನ್ನೊಂದು ಮಳೆಗಾಲ ಸಿಕ್ಕಿದ್ದರೆ ಚೆನ್ನಾಗಿತ್ತು ಪಾಲಯ್ಯ ಎಂದರು. ದಸ್ತಗೀರ್ ಸಾಬರ ಮನೆಯಲ್ಲಿ ಕೊನೆಯ ಊಟ. ಓಬಕ್ಕ ಚಳ್ಳಕೆರೆ ಸಂತೆಯಲ್ಲಿ ಆರಿಸಿ ತಂದ ಒಂದು ಕರಿಕಂಬಳಿ ಕೊಟ್ಟು ಕಳಿಸಿದಳು. ಕಡಲ ಊರಿನ ಸೆಕೆಯಲ್ಲಿ ಕಂಬಳಿಯನ್ನೇನು ಮಾಡುತ್ತಾರೆ ಎಂದು ನಾನು ನಕ್ಕೆ. ಸಾಹೇಬರು ಅದನ್ನು ಹೆಗಲ ಮೇಲೆ ಹಾಕಿಕೊಂಡೇ ಬಸ್ಸು ಹತ್ತಿದರು.

ಅವರು ಹೋದ ಮೇಲಿನ ಮೊದಲ ರೋಹಿಣಿಯಲ್ಲಿ ಗಂಡುಹಕ್ಕಿ ಕೂಗಿತು. ಹೆಣ್ಣೂ ಬಂತು. ಫೋನು ಮಾಡಿ ಹೇಳಿದೆ. ಅದರ ಮುಂದಿನ ವರ್ಷ ಹೆಣ್ಣೊಂದೇ ಬಂದು, ಕೆಲವು ದಿನ ಆ ತಗ್ಗಿನ ಸುತ್ತ ನಡೆದಾಡಿ ಹೋಯಿತು. ಅದರಾಚೆಯ ವರ್ಷ ರೋಹಿಣಿ ಚೆನ್ನಾಗಿ ಸುರಿಯಿತು, ಹುಲ್ಲು ಮೊಣಕಾಲೆತ್ತರ ಬಂತು, ನೆಲಗುಬ್ಬಿಗಳು ಹಾಡಿದವು. ನಾನು ಕೂತೇ ಇದ್ದೆ. ಮೃಗಶಿರ ಹೋಯಿತು, ಆರಿದ್ರ ಹೋಯಿತು. ಸಾಹೇಬರಿಂದ ಫೋನು ಬಂದಾಗ ಇನ್ನೂ ನೋಡಬೇಕು ಸಾರ್ ಎಂದೆ. ಮುಂದಿನ ವರ್ಷವೂ ಅದನ್ನೇ ಹೇಳಿದೆ.

ಅವರು ನಿವೃತ್ತರಾದ ಮೇಲೆ ಒಂದು ಚಳಿಗಾಲ ಹೆಂಡತಿಯನ್ನು ಕರೆದುಕೊಂಡು ಅವರ ಊರಿಗೆ ಹೋದೆ. ನಾನು ಕಡಲನ್ನು ನೋಡಿದ್ದು ಆಗಲೇ. ಬಸ್ಸಿಂದಿಳಿದು ದಂಡೆಯ ಮೇಲೆ ನಿಂತಾಗ ಹೆಂಡತಿ ಅಬ್ಬಾ ಎಂದಳು. ನನಗೆ ಸಂತೋಷವಾಯಿತು, ಹೊಸದೆನಿಸಲಿಲ್ಲ. ಸಾಹೇಬರು ಹೇಳಿದ ಹಾಗೇ ಇತ್ತು ಎಲ್ಲ. ಹೊಸದೆನಿಸಿದ್ದು ಸಾಹೇಬರೇ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿತ್ತು. ಎದುರಿಗೆ ಬಂದವರ ಗುರುತು ದನಿಯ ಮೇಲೆ ಹಿಡಿಯುತ್ತಿದ್ದರು. ಫೋನಿನಲ್ಲಿ ಅದನ್ನು ಯಾರೂ ಹೇಳಿರಲಿಲ್ಲ.

ಬೆಳಿಗ್ಗೆ ದಂಡೆಯ ಮೇಲೆ ಕೈಹಿಡಿದು ನಡೆಸಿಕೊಂಡು ಹೋದೆ. ಎಂತ ಕಾಣ್ತದೆ ಹೇಳು ಎಂದರು. ಹೇಳುತ್ತ ಹೋದೆ. ನೀರಿನಂಚಿನಲ್ಲಿ ಓಡಾಡುವ ಸಣ್ಣ ಹಕ್ಕಿಗಳು, ಬೆನ್ನ ಮೇಲೆ ಚಿನ್ನದ ಚುಕ್ಕೆ. ದೂರದಲ್ಲಿ ಬಿಳಿಯವು, ಕೊಕ್ಕು ಕೆಂಪು. ಹೆಸರುಗಳನ್ನು ಅವರು ಹೇಳುತ್ತಿದ್ದರು. ಸ್ವಲ್ಪ ಮುಂದೆ ಮರಳಿನ ಮೇಲೆ ಟ್ರ್ಯಾಕ್ಟರ್ ಗಾಲಿ ಹರಿದಂಥ ಗುರುತು ನೀರಿನಿಂದ ಎದ್ದು ಬಂದು, ತಿರುಗಿ, ನೀರಿಗೇ ಹೋಗಿತ್ತು. ಅದನ್ನೂ ಹೇಳಿದೆ. ಸಾಹೇಬರು ನಿಂತುಬಿಟ್ಟರು. ಕೆಳಗೆ ಕೂರಿಸು ಎಂದರು. ಕೂತು ಆ ಗುರುತಿನ ಮೇಲೆ ಅಂಗೈ ಆಡಿಸಿದರು, ಒಂದೊಂದು ಗೀರನ್ನೂ ಮುಟ್ಟಿ ನೋಡಿದರು. ಆಮೆ ಬಂದಿತ್ತು.

ಕೈಯನ್ನು ಮರಳಿನ ಮೇಲೇ ಇಟ್ಟುಕೊಂಡು ಕೇಳಿದರು. “ನಮ್ಮ ಹಕ್ಕಿ?”

ಬಂದಿದೆ ಎಂದರೆ ಅವರು ನಂಬುತ್ತಿದ್ದರು. ಬಂದು ನೋಡುವವರಂತೂ ಅಲ್ಲ. ಬಸ್ಸಿನಲ್ಲಿ ಬರುವಾಗ ಹೆಂಡತಿ ಕೂಡ ಅದನ್ನೇ ಹೇಳಿದ್ದಳು, ವಯಸ್ಸಾದವರು, ಒಳ್ಳೇದನ್ನೇ ಹೇಳಿ ಅಂತ. ಆದರೆ ಕಂಡದ್ದನ್ನು ಕಂಡ ಹಾಗೆ ಹೇಳು ಎಂದು ಕಲಿಸಿದವರ ಮುಂದೆ ನನ್ನ ಬಾಯಿಗೆ ಬೇರೆ ಮಾತು ಬರಲಿಲ್ಲ.

“ಬರ್ಲಿಲ್ಲ ಸಾರ್. ನಾಕ್ ಮಳೆಗಾಲ ಆತು.”

ಅವರು ತಲೆ ತಗ್ಗಿಸಿದರು. ಆಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡರು.

“ನೀನು ಹೋಗೋದು ಬಿಡಬೇಡ ಮಾರಾಯ. ಬರಲಿಲ್ಲ ಅಂತ ಹೇಳೋಕಾದ್ರೂ ಒಬ್ಬ ನೋಡಿದವ ಬೇಕು.”

ಅದಾದ ಎರಡನೆಯ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಗಳು ಫೋನು ಮಾಡಿ ಹೇಳಿದಳು. ಕಡಲು ಒರಟಾಗಿದ್ದ ದಿನವಂತೆ.

ಮುಂದೆ ಕಾವಲೂ ಬದಲಾಯಿತು. ಸಂಶೋಧನೆಯ, ರಕ್ಷಣೆಯ ಹೊಸ ಸಂಸ್ಥೆಗಳಿಗೆ ಜಾಗ ಹಂಚಿದರು. ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ಗೋಡೆಗಳ ಮಾತು ಶುರುವಾಗಿ, ನಿಧಾನಕ್ಕೆ ಗೋಡೆಗಳೇ ಎದ್ದವು. ದೇಶಕ್ಕೆ ಬೇಕಾದ ಕೆಲಸವೆಂದು ಹೇಳುತ್ತಾರೆ, ಇರಬಹುದು. ನಮ್ಮ ಊರಿನ ಕೆಲವರಿಗೆ ಅಲ್ಲಿ ಕೂಲಿ ಸಿಕ್ಕಿತು, ಒಂದಿಬ್ಬರು ವಾಚ್‌ಮನ್ ಆದರು. ದಿಬ್ಬ ಗೋಡೆಯ ಒಳಗೆ ಉಳಿಯಿತು. ನಾನು ನಿವೃತ್ತಿಯಾಗುವ ತನಕ ಗೋಡೆಯ ಹೊರಗೆ ಬೇರೆ ಜಾಗ ಹುಡುಕಿಕೊಂಡು ಕೂತೆ. ಜಿಂಕೆಗಳು ಇದ್ದವು, ಈಗಲೂ ಇವೆ. ಗಿಡುಗಗಳು ಬರುತ್ತವೆ, ಮೊದಲಿನಷ್ಟಲ್ಲ. ನೀವು ಹೋಗಿ ನೋಡಿ. ಬಯಲು ಎಂದು ಬೇಗ ಎದ್ದು ಬರಬೇಡಿ.

ಓಬಕ್ಕ ಆಡುಗಳನ್ನು ಮಾರಿ ಬಹಳ ವರ್ಷವಾಯಿತು. ಈಗ ಮೊಳಕಾಲ್ಮೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಅಳಿಯ ಸೀರೆ ನೇಯುತ್ತಾನೆ, ಮನೆಯೊಳಗೆ ದಿನವಿಡೀ ಮಗ್ಗದ ಸದ್ದು. ಹೋದ ವರ್ಷ ರೋಹಿಣಿ ಬಿದ್ದ ಮಾರನೆಯ ದಿನ ಅವಳನ್ನು ನೋಡಲು ಹೋದೆ. ಕಾವಲಿಗೆ ಕರೆದುಕೊಂಡು ಹೋಗು ಎಂದಳು. ಮಗಳು ಬೇಡವೆಂದರೂ ಕೇಳಲಿಲ್ಲ. ಆಟೋ ಮಾಡಿಕೊಂಡು ಹೋದೆವು. ಗೋಡೆಯ ಹೊರಗೆ ಉಳಿದಿರುವ ಹುಲ್ಲಿನ ಅಂಚಿನಲ್ಲಿ ಅವಳನ್ನು ಒಂದು ಕಲ್ಲಿನ ಮೇಲೆ ಕೂರಿಸಿದೆ. ನೆಲದಿಂದ ಹಸಿಮಣ್ಣಿನ ವಾಸನೆ ಏಳುತ್ತಿತ್ತು. ನೆಲಗುಬ್ಬಿಯೊಂದು ಮೇಲೇರಿ ಹಾಡಿ ಇಳಿಯಿತು. ಯಾತಕ್ಕೆ ಕೂತಿದ್ದೇವೆ ಎಂದು ಇಬ್ಬರಿಗೂ ಗೊತ್ತಿತ್ತು.

ಆಟೋದವನು ಎರಡು ಸಲ ಹಾರ್ನ್ ಹೊಡೆದ. ಹೊತ್ತಾಯಿತು, ಹೋಗೋಣವೇ ಅಕ್ಕ ಎಂದು ಕೇಳಿದೆ. ಅವಳು ಹುಲ್ಲಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

“ಇನ್ನೊಂದ್ ಸ್ವಲ್ಪ ಕುಂದ್ರಾನ ತಮ್ಮಾ” ಎಂದಳು.

ಆಟೋದವನಿಗೆ ಕೈಸನ್ನೆ ಮಾಡಿ, ನಾನೂ ಅವಳ ಪಕ್ಕದಲ್ಲಿ ಕೂತೆ.